ನೇಗಿಲ ಶಾಲೆಯಲ್ಲಿ ವಿಮಾನ ವಿದ್ಯೆ



ವಿಮಾನ ಹಾರಿಸುವುದು ಪಟ್ಟಣದ ದೊಡ್ಡವರ ವಿದ್ಯೆ, ಒಕ್ಕಲು ಮಕ್ಕಳಿಗೆ ಅದರ ಗೊಡವೆ ಏಕೆ ಎನ್ನುವವರು ನಮ್ಮಲ್ಲಿ ಹಲವರಿದ್ದಾರೆ. ಬೇಸಾಯ ಕಲಿಸುತ್ತಿದ್ದ ಒಂದು ಶಾಲೆಯೇ ಈ ವಿದ್ಯೆಯನ್ನೂ ಕಲಿಸಿದ ಸಂಗತಿಯನ್ನು ಇಂದು ತಮ್ಮ ಮುಂದೆ ಇಡುತ್ತೇನೆ.

ಅಮೆರಿಕದ ಅಲಬಾಮ ರಾಜ್ಯದಲ್ಲಿ ಟಸ್ಕೀಗಿ ಎಂಬ ಊರಿದೆ. ಗುಲಾಮಗಿರಿಯಲ್ಲಿ ಹುಟ್ಟಿದ ಬೂಕರ್ ಟಿ. ವಾಷಿಂಗ್ಟನ್ ಅವರು 1881ರಲ್ಲಿ ಅಲ್ಲಿ ಕಪ್ಪು ಜನರಿಗಾಗಿ ಒಂದು ವಿದ್ಯಾಸಂಸ್ಥೆಯನ್ನು ಆರಂಭಿಸಿದರು. ವಿದ್ಯಾರ್ಥಿಗಳೇ ಇಟ್ಟಿಗೆ ಸುಟ್ಟು ಕಟ್ಟಡ ಕಟ್ಟಿದರು. 1906ರಲ್ಲಿ ಆ ಸಂಸ್ಥೆಯ ಕಾರ್ವರ್ ಎಂಬ ವಿಜ್ಞಾನಿಯ ಯೋಜನೆಯಂತೆ, ಹೇಸರಗತ್ತೆ ಹೂಡಿದ ಗಾಡಿಯಲ್ಲಿ ಉಪಕರಣಗಳನ್ನು ಹೇರಿಕೊಂಡು ರೈತರಿದ್ದಲ್ಲಿಗೇ ಹೋಗಿ ಸುಧಾರಿಸಿದ ಬೇಸಾಯವನ್ನು ತೋರಿಸಿದರು.

1939ರಲ್ಲಿ ಅಮೆರಿಕ ಸರ್ಕಾರವು ಕಾಲೇಜುಗಳ ಮೂಲಕ ಯುವಕರಿಗೆ ವಿಮಾನ ಕಲಿಸುವ ಯೋಜನೆ ಹೂಡಿತು. ಆಗ ಸೇನೆಯ ವಿಮಾನದಳಕ್ಕೆ ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಈ ಕೆಲಸ ಅವರಿಂದಾಗದು ಎಂಬ ಮಾತು ಬಲವಾಗಿತ್ತು. ಅದೇ ವರ್ಷ ಟಸ್ಕೀಗಿ ಸಂಸ್ಥೆ ಯೋಜನೆಯಲ್ಲಿ ಸ್ಥಾನ ಪಡೆಯಿತು.

ಕಲಿಸುವ ಕ್ರಮ ಹೇಗಿತ್ತು? ಮೊದಲು ನೆಲದ ಮೇಲೆ 72 ಗಂಟೆಗಳ ಪಾಠ: ಹವೆ, ನಕ್ಷೆ, ಯಂತ್ರ, ಕಾನೂನು. ಅನಂತರ 35ರಿಂದ 50 ಗಂಟೆಗಳ ಹಾರಾಟ. ರಾಶಿ ತೂರುವವನು ಗಾಳಿ ನೋಡುವಂತೆ ವಿಮಾನ ಏರಿಸುವವನೂ ಗಾಳಿ ನೋಡಬೇಕು. ಎದುರು ಗಾಳಿಗೆ ಓಡಿಸಿದರೆ ರೆಕ್ಕೆಗೆ ಬೇಗ ಎತ್ತುವ ಬಲ ಬರುತ್ತದೆ. ನೇಗಿಲಿಗೆ ಮೇಳಿ ಇದ್ದಂತೆ ವಿಮಾನಕ್ಕೊಂದು ಹಿಡಿಗೋಲು. ಎಳೆದರೆ ಮೂತಿ ಮೇಲಕ್ಕೆ, ಒತ್ತಿದರೆ ಕೆಳಕ್ಕೆ. ಕಾಲಿನ ತುಳಿಗಳಿಂದ ಎಡಬಲ. ಗುರುವಿನ ಮುಂದೆಯೂ ಅಂಥದೇ ಹಿಡಿಗೋಲು ಇರುವುದರಿಂದ ಶಿಷ್ಯ ತಪ್ಪಿದರೆ ಆತ ಕೂಡಲೇ ತಿದ್ದುತ್ತಾನೆ. ಕೈ ಪಳಗಿದ ಮೇಲೆ ಶಿಷ್ಯನೊಬ್ಬನನ್ನೇ ಹಾರಲು ಬಿಡುತ್ತಾನೆ.

ಅಲ್ಲಿನ ಮುಖ್ಯ ಗುರು ಆಲ್ಫ್ರೆಡ್ ಆಂಡರ್ಸನ್. ಬಣ್ಣದ ಕಾರಣದಿಂದ ಯಾರೂ ಕಲಿಸಲು ಒಪ್ಪದಾಗ ಸ್ವಂತ ವಿಮಾನವನ್ನೇ ಕೊಂಡು ಕಲಿತ ಛಲಗಾರ. 1941ರ ಮಾರ್ಚಿನಲ್ಲಿ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಅವರು ಅಲ್ಲಿಗೆ ಬಂದು, ಆತ ನಡೆಸಿದ ವಿಮಾನದಲ್ಲಿ ಕುಳಿತು ಹಾರಿದರು. ಆ ಚಿತ್ರ ದೇಶದ ಕಣ್ಣು ತೆರೆಸಿತು. ಅದೇ ವರ್ಷ ಮಿಲ್ಡ್ರೆಡ್ ಹೆಮನ್ಸ್ ಎಂಬ ವಿದ್ಯಾರ್ಥಿನಿಯೂ ವಿಮಾನ ನಡೆಸುವ ಪರವಾನಗಿ ಪಡೆದಳು. ಹೆಣ್ಣುಮಕ್ಕಳ ತಂದೆತಾಯಿಗಳು ಇದನ್ನು ಗಮನಿಸಬೇಕು.

1941ರಲ್ಲೇ ಸೇನೆಯೂ ಟಸ್ಕೀಗಿಯಲ್ಲಿ ತರಬೇತಿ ಆರಂಭಿಸಿತು. ಮೊದಲ ತಂಡದ 13 ಮಂದಿಯಲ್ಲಿ 1942ರ ಮಾರ್ಚಿನಲ್ಲಿ ತೇರ್ಗಡೆಯಾದವರು ಐವರು ಮಾತ್ರ. ಆದರೂ ಕೆಲಸ ನಿಲ್ಲಲಿಲ್ಲ. 1946ರ ವೇಳೆಗೆ ಅಲ್ಲಿ ತಯಾರಾದ ಚಾಲಕರು 992, ಅಂದರೆ ಸಾವಿರಕ್ಕೆ ಎಂಟು ಕಡಿಮೆ! ಮಹಾಯುದ್ಧದಲ್ಲಿ ಅವರಲ್ಲಿ ಹಲವರು ಯುರೋಪಿನ ಆಕಾಶದಲ್ಲಿ ಕಾದಾಡಿದರು. 1948ರಲ್ಲಿ ಅಧ್ಯಕ್ಷ ಟ್ರೂಮನ್ ಅವರು ಸೇನೆಯಲ್ಲಿ ಬಣ್ಣದ ಭೇದ ಸಲ್ಲದೆಂದು ಆಜ್ಞೆ ಹೊರಡಿಸಿದರು.

ಬಾಂಧವರೇ, ನಮ್ಮ ಮಕ್ಕಳೆಲ್ಲ ವಿಮಾನ ಹಾರಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ನಾಳೆ ನಿಮ್ಮ ಮಗನೋ ಮಗಳೋ ಹೊಸ ವಿದ್ಯೆ ಕಲಿಯುತ್ತೇನೆಂದು ಬಂದಾಗ, "ಅದು ನಮ್ಮಂಥವರಿಗಲ್ಲ" ಎಂಬ ಮಾತು ನಿಮ್ಮ ಬಾಯಿಂದ ಬರದಿರಲಿ. ಆ ಮಾತನ್ನು ಟಸ್ಕೀಗಿಯವರು ಸುಳ್ಳು ಮಾಡಿ ತೋರಿಸಿದ್ದಾರೆ.