ಬೇಯದೆ ಉಳಿದ ಕಲ್ಲು: ಉಲ್ಕಾಶಿಲೆಗಳು ಮತ್ತು ಗ್ರಹಗಳ ಹುಟ್ಟು



ಯಲ್ಲಮ್ಮನ ಗುಡ್ಡದಲ್ಲಿ, ನವಿಲುತೀರ್ಥದ ಬಳಿ ಮಲಪ್ರಭೆ ಗುಡ್ಡ ಸೀಳಿಕೊಂಡು ಹೋದ ಕಡೆಯಲ್ಲಿ, ರಾಮದುರ್ಗದ ಸುತ್ತಲಿನ ದಿಣ್ಣೆಗಳಲ್ಲಿ ಕಾಣುವ ಗಟ್ಟಿ ಮರಳುಗಲ್ಲು ಕಲಾದಗಿ ಶಿಲಾಸಮೂಹಕ್ಕೆ ಸೇರಿದ್ದು. ಅದರ ಒಂದು ಪದರಕ್ಕೆ ಭೂವಿಜ್ಞಾನಿಗಳು ಸವದತ್ತಿ ಕ್ವಾರ್ಟ್ಜೈಟ್ ಎಂದೇ ಹೆಸರಿಟ್ಟಿದ್ದಾರೆ. ಅದರ ವಯಸ್ಸು ನೂರು ಕೋಟಿ ವರ್ಷ ಮೀರಿದ್ದು. ಧಾರವಾಡದ ಕಡೆಯ ಪದರುಗಲ್ಲು ಇನ್ನೂ ಹಳೆಯದು, 250 ಕೋಟಿ ವರ್ಷ ದಾಟಿದ್ದು. ಬೆಳಗಾವಿ ಜಿಲ್ಲೆಯ ಉತ್ತರಕ್ಕೆ ಹಬ್ಬಿರುವ ಕರಿಕಲ್ಲು, ಅಂದರೆ ಎರೆಮಣ್ಣಿಗೆ ಮೂಲವಾದ ಲಾವಾಶಿಲೆ, ಸುಮಾರು 6.6 ಕೋಟಿ ವರ್ಷದ ಹಿಂದಿನದು.

ಇಷ್ಟು ಹಳೆಯ ಕಲ್ಲುಗಳ ಮೇಲೆ ನಾವು ಬಾಳುತ್ತಿದ್ದರೂ ಭೂಮಿ ಹೇಗೆ ಹುಟ್ಟಿತೆಂದು ಇವುಗಳಲ್ಲಿ ಒಂದೂ ಹೇಳಲಾರದು. ಮರಳುಗಲ್ಲು ಅದಕ್ಕೂ ಹಿಂದಿನ ಬೆಟ್ಟಗಳ ಪುಡಿ. ಕರಿಕಲ್ಲು ಕರಗಿ ಹರಿದದ್ದು. ಪದರುಗಲ್ಲು ನೆಲದಾಳದಲ್ಲಿ ಕಾವಿಗೂ ಒತ್ತಡಕ್ಕೂ ಸಿಕ್ಕಿ ರೂಪ ಬದಲಿಸಿದ್ದು. ಬಡಿದು ಸುಟ್ಟ ರೊಟ್ಟಿಯನ್ನು ಎದುರಿಗಿಟ್ಟುಕೊಂಡು ಜೋಳದ ಕಾಳು ಹೇಗಿತ್ತೆಂದು ಕೇಳಿದರೆ ಅದು ಹೇಳೀತೇ? ಭೂಮಿಯ ಕಲ್ಲೆಲ್ಲ ಹೀಗೆ ಬೆಂದದ್ದು. ಬೇಯದ ಕಲ್ಲು ಬೇಕೆಂದರೆ ಅದು ಆಕಾಶದಿಂದಲೇ ಬೀಳಬೇಕು.

ಆಕಾಶದಿಂದ ಕಲ್ಲು ಬೀಳುತ್ತದೆಂದು ಯುರೋಪಿನ ವಿದ್ವಾಂಸರು ಒಪ್ಪುವಂತೆ ಮಾಡಿದ ಕಲ್ಲುಗಳಲ್ಲಿ ನಮ್ಮ ದೇಶದ್ದೂ ಒಂದಿದೆ. 1798ರ ಡಿಸೆಂಬರಿನಲ್ಲಿ ಕಾಶಿಯ ಬಳಿ ಬಿದ್ದ ಕಲ್ಲಿನ ಚೂರುಗಳು ಲಂಡನ್ ತಲುಪಿದವು. ಎಡ್ವರ್ಡ್ ಹೊವಾರ್ಡ್ ಎಂಬ ರಸಾಯನ ವಿಜ್ಞಾನಿ ಅದನ್ನೂ ಬೇರೆ ದೇಶಗಳಲ್ಲಿ ಬಿದ್ದವನ್ನೂ ಪರೀಕ್ಷಿಸಿ, ಎಲ್ಲದರ ಕಬ್ಬಿಣದಲ್ಲೂ ನಿಕ್ಕೆಲ್ ಇದೆಯೆಂದು 1802ರಲ್ಲಿ ತೋರಿಸಿದರು. ಅವರ ಜೊತೆ ಕೆಲಸ ಮಾಡಿದ ಬೂರ್ನೋ ಆ ಕಲ್ಲಿನೊಳಗಿನ ಸಣ್ಣ ದುಂಡು ಕಣಗಳನ್ನು ಗುರುತಿಸಿ ಬರೆದಿಟ್ಟರು. ಅವನ್ನು ಇಂದು ಕಾಂಡ್ರೂಲ್ ಎನ್ನುತ್ತೇವೆ, ಅವನ್ನು ಹೊತ್ತ ಕಲ್ಲನ್ನು ಕಾಂಡ್ರೈಟ್ ಎನ್ನುತ್ತೇವೆ.

ಕಾಂಡ್ರೂಲ್ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸಿನದು. ಹುಟ್ಟುತ್ತಿದ್ದ ಸೂರ್ಯನ ಸುತ್ತ ಅನಿಲ ಮತ್ತು ಧೂಳು ಚಪ್ಪಟೆಯಾಗಿ ಹರಡಿಕೊಂಡು ಸುತ್ತುತ್ತಿದ್ದಾಗ, ಧೂಳಿನ ಮುದ್ದೆಗಳು ಒಮ್ಮೆಲೇ ಕಾದು ಕರಗಿ, ಕೆಲವೇ ಗಂಟೆಗಳಲ್ಲಿ ತಣಿದು ಗಟ್ಟಿಯಾದ ಹನಿಗಳಿವು. ಕಾಯಿಸಿದ್ದು ಆಘಾತದ ಅಲೆಯೋ ಕಾಯಗಳ ಡಿಕ್ಕಿಯೋ ಎಂಬ ವಾದ ವಿಜ್ಞಾನಿಗಳ ನಡುವೆ ಇನ್ನೂ ಮುಗಿದಿಲ್ಲ. ಕೆಲವು ಕಾಂಡ್ರೈಟುಗಳಲ್ಲಿ ಇವುಗಳ ಪಕ್ಕದಲ್ಲೇ ಕ್ಯಾಲ್ಸಿಯಂ ಮತ್ತು ಅಲ್ಯೂಮಿನಿಯಂ ತುಂಬಿದ ಬಿಳಿ ಚುಕ್ಕೆಗಳಿರುತ್ತವೆ. ಅವುಗಳ ವಯಸ್ಸು 456.7 ಕೋಟಿ ವರ್ಷ. ಸೌರಮಂಡಲದಲ್ಲೇ ಹುಟ್ಟಿದ ಘನವಸ್ತುಗಳಲ್ಲಿ ಅವಕ್ಕಿಂತ ಹಳೆಯದು ನಮಗೆ ಗೊತ್ತಿಲ್ಲ. ಸುತ್ತಲಿನ ನುಣ್ಣನೆ ಧೂಳಿನಲ್ಲಿ ಸೂರ್ಯನಿಗಿಂತ ಹಿರಿಯ ಕಣಗಳೂ ಸಿಗುತ್ತವೆ, ಬೇರೆ ನಕ್ಷತ್ರಗಳ ಬೂದಿ ಅದು. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ನಿನಲ್ಲಿ ಬಿದ್ದ ಕಲ್ಲಿನೊಳಗಿನ ಕೆಲವು ಕಣಗಳಿಗೆ ಸುಮಾರು 700 ಕೋಟಿ ವರ್ಷ ವಯಸ್ಸೆಂದು 2020ರಲ್ಲಿ ಲೆಕ್ಕ ಹಾಕಿದರು.

ಆದರೆ ಉಲ್ಕಾಶಿಲೆಗಳಲ್ಲೂ ಬೆಂದವೇ ಹೆಚ್ಚು. ಧೂಳು ಮತ್ತು ಕಾಂಡ್ರೂಲ್ ಸೇರಿ ಹತ್ತಾರು, ನೂರಾರು ಕಿಲೋಮೀಟರ್ ಅಗಲದ ಪುಟ್ಟ ಕಾಯಗಳಾದಾಗ, ಒಳಗಿದ್ದ ಅಲ್ಯೂಮಿನಿಯಂ-26 ಎಂಬ ವಿಕಿರಣ ಧಾತು ಅವನ್ನು ಕಾಯಿಸಿತು. ಅದು ಸುಮಾರು 7 ಲಕ್ಷ ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಬೇಗ ಕೂಡಿದ ಕಾಯ ಪೂರ್ತಿ ಕರಗಿತು, ಕಬ್ಬಿಣ ತಳಕ್ಕಿಳಿಯಿತು. ತಡವಾಗಿ ಕೂಡಿದ್ದು ಬೆಚ್ಚಗಾಗಿ ಉಳಿಯಿತು. ಈ ಮಾತಿಗೆ ಗಟ್ಟಿ ಆಧಾರ ಕೊಟ್ಟವರಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಶ್ರೀನಿವಾಸನ್, ಗೋಸ್ವಾಮಿ, ಭಂಡಾರಿ ಅವರಿದ್ದಾರೆ. 1996ರಲ್ಲಿ ರಾಜಸ್ಥಾನದ ಪಿಪ್ಲಿಯಾ ಕಲಾನಿನಲ್ಲಿ ಬಿದ್ದ, ಒಮ್ಮೆ ಕರಗಿ ಗಟ್ಟಿಯಾದ ಕಲ್ಲಿನಲ್ಲಿ ಅಲ್ಯೂಮಿನಿಯಂ-26ರ ಗುರುತನ್ನು ಅವರು 1999ರಲ್ಲಿ ತೋರಿಸಿದರು.

ಎಷ್ಟು ಬೆಂದಿದೆ ಎಂಬುದನ್ನು 3ರಿಂದ 6ರವರೆಗಿನ ಅಂಕಿಯಲ್ಲಿ ಹೇಳುತ್ತಾರೆ. 6 ಎಂದರೆ ಚೆನ್ನಾಗಿ ಬೆಂದದ್ದು. 3ನ್ನು ಮತ್ತೆ ದಶಮಾಂಶಗಳಾಗಿ ಒಡೆಯುತ್ತಾರೆ. 1976ರ ಜನವರಿಯಲ್ಲಿ ಗುಜರಾತಿನ ಧಜಾಲಾದಲ್ಲಿ ಬಿದ್ದದ್ದು 3.8, 1857ರಲ್ಲಿ ಮಧುರೆಯ ಸೀಮೆಯ ಪರ್ಣಲ್ಲಿಯಲ್ಲಿ ಬಿದ್ದದ್ದು 3.6. ಈ ಸಾಲಿನ ತುದಿಯಲ್ಲಿ, 3.00 ಎಂಬ ಅಂಕಿಗೆ ಜಗತ್ತೇ ಅಳತೆಗಲ್ಲಾಗಿ ಒಪ್ಪಿಕೊಂಡಿರುವುದು 1940ರ ಅಕ್ಟೋಬರ್ 26ರಂದು ಇಂದಿನ ಮಧ್ಯಪ್ರದೇಶದ ಸೇಮರ್ಕೋನಾ ಎಂಬ ಹಳ್ಳಿಯಲ್ಲಿ ಬಿದ್ದ ಕಲ್ಲನ್ನು. ತೂಕ 691 ಗ್ರಾಂ, ಮುಕ್ಕಾಲು ಕಿಲೋಗೂ ಕಡಿಮೆ. ಈ ಉಪನ್ಯಾಸದಲ್ಲಿ ಒಂದೇ ಕಲ್ಲನ್ನು ನೆನಪಿಟ್ಟುಕೊಳ್ಳಿ ಎಂದರೆ ನಾನು ಹೇಳುವುದು ಇದನ್ನೇ.

ಈ ಕಲ್ಲು ಏನು ಹೇಳಿತು? 2014ರಲ್ಲಿ ರೋಜರ್ ಫು, ಬೆಂಜಮಿನ್ ವೈಸ್ ಮತ್ತು ಸಂಗಡಿಗರು ಸೇಮರ್ಕೋನಾದ ಕಾಂಡ್ರೂಲ್‌ಗಳನ್ನು ಒಂದೊಂದಾಗಿ ಬಿಡಿಸಿ, ಅವುಗಳಲ್ಲಿ ಹುದುಗಿದ ಕಬ್ಬಿಣದ ಸೂಕ್ಷ್ಮ ಕಣಗಳ ಕಾಂತತ್ವವನ್ನು ಅಳೆದರು. ಕರಗಿದ ಹನಿ ತಣಿಯುವಾಗ ಸುತ್ತಲಿನ ಕಾಂತಕ್ಷೇತ್ರ ಅದರಲ್ಲಿ ಅಚ್ಚಾಗುತ್ತದೆ. ಒಂದೊಂದು ಕಾಂಡ್ರೂಲ್‌ನ ಅಚ್ಚು ಒಂದೊಂದು ದಿಕ್ಕಿಗಿತ್ತು. ಅಂದಮೇಲೆ ಆ ಅಚ್ಚು ಬಿದ್ದದ್ದು ಅವು ಒಂದೇ ಕಲ್ಲಾಗಿ ಕೂಡುವುದಕ್ಕೆ ಮೊದಲು, ಬಾಹ್ಯಾಕಾಶದಲ್ಲಿ ತೇಲುತ್ತಿದ್ದಾಗ. ಆ ಕ್ಷೇತ್ರದ ಬಲ ಸುಮಾರು 54 ಮೈಕ್ರೋಟೆಸ್ಲಾ, ಹೆಚ್ಚುಕಡಿಮೆ ಇಂದಿನ ಭೂಮಿಯ ಕ್ಷೇತ್ರದಷ್ಟು. ಸೂರ್ಯನ ಸುತ್ತಲಿನ ಅನಿಲ ಕೆಲವೇ ದಶಲಕ್ಷ ವರ್ಷಗಳಲ್ಲಿ ಒಳಕ್ಕೆ ಸರಿದು ಸೂರ್ಯನನ್ನು ಸೇರಿದ್ದು ಹೇಗೆಂಬುದು ದೊಡ್ಡ ಪ್ರಶ್ನೆ. ಕಾಂತಕ್ಷೇತ್ರವೇ ಅದನ್ನು ಎಳೆದಿರಬೇಕೆಂಬ ಊಹೆಗೆ ಮೊದಲ ಸಲ ಕೈಗೆ ಸಿಗುವ ಅಳತೆಯೊಂದು ಸಿಕ್ಕಿತು. ಹತ್ತು ದೂರದರ್ಶಕಗಳಿದ್ದರೂ ನಮ್ಮದೇ ಸೌರಮಂಡಲದ ಆ ಕಾಲವನ್ನು ನೋಡಲಾಗದು. ಒಂದು ಹಳ್ಳಿಯಲ್ಲಿ ಬಿದ್ದ ಕಲ್ಲಿನ ಸಣ್ಣ ಕಣ ಅದನ್ನು ತೋರಿಸಿತು.

ಇನ್ನೊಂದು ಜಾತಿಯೂ ಇದೆ, ಇಂಗಾಲ ಹೆಚ್ಚಿರುವ ಕಾಂಡ್ರೈಟ್. 2017ರ ಜೂನ್ 6ರ ನಸುಕಿನಲ್ಲಿ ಜೈಪುರದ ಬಳಿಯ ಮುಕುಂದ್‌ಪುರಾದ ಹೊಲವೊಂದಕ್ಕೆ ಬಿದ್ದು ಒಡೆದ ಸುಮಾರು 2 ಕಿಲೋ ಕಲ್ಲು ಆ ಜಾತಿಯದು. ಅದರ ಖನಿಜಗಳಲ್ಲಿ ನೀರು ಸೆರೆಯಾಗಿದೆ. ಇಂಥವುಗಳ ಮತ್ತು ಉಳಿದವುಗಳ ಧಾತುಗಳ ಐಸೊಟೋಪುಗಳನ್ನು, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು, ಅಳೆದಾಗ ಉಲ್ಕಾಶಿಲೆಗಳೆಲ್ಲ ಎರಡೇ ಗುಂಪಾಗಿ ಬೇರ್ಪಡುತ್ತವೆ, ನಡುವೆ ಬೆರಕೆಯಿಲ್ಲ. ಎರಡು ಗುಂಪುಗಳನ್ನು ಲಕ್ಷಾಂತರ ವರ್ಷ ಬೇರೆಯಾಗಿಟ್ಟದ್ದು ಬೆಳೆಯುತ್ತಿದ್ದ ಗುರುಗ್ರಹ ಎಂದು 2017ರಲ್ಲಿ ಕ್ರಾಯರ್, ಕ್ಲೈನೆ ಮೊದಲಾದವರು ವಾದಿಸಿದರು. ಹಾಗಿದ್ದರೆ ಗುರುವಿನ ತಿರುಳು ಮೊದಲ ಹತ್ತು ಲಕ್ಷ ವರ್ಷದೊಳಗೆ ಇಪ್ಪತ್ತು ಭೂಮಿಗಳಷ್ಟು ತೂಗಿರಬೇಕು. ಸೇಮರ್ಕೋನಾ ಗುರುವಿನ ಒಳಬದಿಯದು, ಮುಕುಂದ್‌ಪುರಾ ಹೊರಬದಿಯದು. ಎರಡೂ ಬಂದು ಸೇರಿದ್ದು ಒಂದೇ ದೇಶದ ನೆಲಕ್ಕೆ.

ಕರ್ನಾಟಕಕ್ಕೆ ಬರೋಣ. ಮದ್ದೂರಿನ ಕಲ್ಲು 1865ರದು, ಉಡುಪಿಯದು 1866ರದು, ಎರಡೂ 5ರ ಅಂಕಿಯವು. ಗಡಿಯಾಚೆ ಹೊಸೂರಿನ ಬಳಿಯ ಸೂಳಗಿರಿಯಲ್ಲಿ 2008ರ ಸೆಪ್ಟೆಂಬರಿನಲ್ಲಿ ಬಿದ್ದದ್ದು ನೂರು ಕಿಲೋಗೂ ಹೆಚ್ಚು ತೂಕದ್ದು, ಅದರ ಅಂಕಿ 6. ಎಲ್ಲವೂ ಬೆಂದವೇ. ನಮಗೆ ಎಲ್ಲಕ್ಕಿಂತ ಹತ್ತಿರದ್ದು ಧಾರವಾಡದ ಹೆಸರಿನ ಕಲ್ಲು. ಕಿತ್ತೂರಿನ ಕದನ ನಡೆದು 23 ವರ್ಷ ಕಳೆದ ಮೇಲೆ, 1848ರ ಫೆಬ್ರುವರಿ 15ರಂದು ಬಿದ್ದದ್ದು. ಅದರ ಮಾತನ್ನು ಕೊನೆಗೆ ಆಡುತ್ತೇನೆ.

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ನಾಳೆ ಒಂದು ಕಲ್ಲು ಬಿದ್ದರೆ? ಎರೆ ಹೊಲದಲ್ಲಿ ಬಿದ್ದರೆ ಹುಡುಕುವುದು ಕಷ್ಟ. ಮಣ್ಣೂ ಕಪ್ಪು, ಕಲ್ಲೂ ಕಪ್ಪು. ಬೇಸಿಗೆಯ ಬಿರುಕಿಗೆ ಇಳಿದದ್ದು ಮೊದಲ ಮಳೆಗೆ ಮುಚ್ಚಿಹೋಗುತ್ತದೆ, ತೇವಕ್ಕೆ ಅದರ ಕಬ್ಬಿಣ ತುಕ್ಕು ಹಿಡಿಯುತ್ತದೆ. ಅಂಟಾರ್ಕ್ಟಿಕಾದ ಹಿಮದಲ್ಲಿ, ಸಹಾರಾದ ಮರಳಿನಲ್ಲಿ ಸಾವಿರಗಟ್ಟಲೆ ಸಿಕ್ಕಿರುವುದು ಅಲ್ಲಿನ ಒಣಹವೆಯಿಂದ, ನೆಲದ ತಿಳಿಬಣ್ಣದಿಂದ. ನಮ್ಮಲ್ಲಿ ಅದಕ್ಕೆ ಸ್ವಲ್ಪವಾದರೂ ಹತ್ತಿರವಾದದ್ದು ಸವದತ್ತಿ, ರಾಮದುರ್ಗದ ಬೋಳು ಮರಳುಗಲ್ಲಿನ ಹಾಸು. ಅಲ್ಲಿ ದಿನವೂ ಓಡಾಡುವ ಕುರಿಗಾರರಿಗೆ ಆ ನೆಲದ ಕಲ್ಲುಗಳ ಪರಿಚಯ ಯಾವ ಪ್ರಾಧ್ಯಾಪಕರಿಗಿಂತಲೂ ಹೆಚ್ಚು. ಅವರಿಗೆ ಈ ವಿಷಯ ತಲುಪಬೇಕೆಂಬುದು ನನ್ನ ಮೊದಲ ಕೋರಿಕೆ.

ಹೊಸದಾಗಿ ಬಿದ್ದ ಕಲ್ಲಿಗೆ ಒಂದು ಮಿಲಿಮೀಟರಿಗೂ ತೆಳುವಾದ ಕರಿ ಸಿಪ್ಪೆಯಿರುತ್ತದೆ. ಸಾಮಾನ್ಯ ಕಾಂಡ್ರೈಟ್ ಆದರೆ ಒಳಗೆ ಬೂದುಬಣ್ಣ, ಅಲ್ಲಲ್ಲಿ ಲೋಹದ ಮಿಂಚು. ಗಾತ್ರಕ್ಕೆ ಮೀರಿದ ಭಾರ. ಗುಳ್ಳೆ ಗುಳ್ಳೆಯಾಗಿ ತೂತಿದ್ದರೆ ಅದು ಹೆಚ್ಚಾಗಿ ಹಳೆಯ ಕಬ್ಬಿಣದ ಕುಲುಮೆಯ ಕಿಟ್ಟ. ಬಿದ್ದ ಕಲ್ಲು ಕೆಂಡವಾಗಿರುತ್ತದೆಂಬುದು ತಪ್ಪು ತಿಳುವಳಿಕೆ. ಕಡೆಯ ಹತ್ತಾರು ಕಿಲೋಮೀಟರನ್ನು ಅದು ಬೆಳಕಿಲ್ಲದೆ, ತಣಿಯುತ್ತ ಇಳಿಯುತ್ತದೆ.

ಅಯಸ್ಕಾಂತ ಹಿಡಿದು ಪರೀಕ್ಷಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಬಹಳ ಪುಸ್ತಕಗಳು ಇದಕ್ಕೆ ವಿರುದ್ಧವಾದ ಸಲಹೆ ಕೊಡುತ್ತವೆ. ಸೇಮರ್ಕೋನಾದಲ್ಲಿ ಓದಿದಂಥ 456 ಕೋಟಿ ವರ್ಷದ ಕಾಂತದ ಅಚ್ಚನ್ನು ಅಂಗಡಿಯಲ್ಲಿ ಸಿಗುವ ಒಂದು ಅಯಸ್ಕಾಂತ ಕ್ಷಣದಲ್ಲಿ ಅಳಿಸಿಬಿಡುತ್ತದೆ. ತೊಳೆಯಬೇಡಿ, ಒಡೆಯಬೇಡಿ. ಭಕ್ತಿಯಿಂದ ಎಣ್ಣೆ, ಕುಂಕುಮ ಹಚ್ಚುವುದು ನಮ್ಮ ಜನರ ಸಹಜ ನಡೆ, ಅದರ ಹಿಂದಿನ ಗೌರವ ನನಗೂ ಇದೆ. ಆದರೆ ಎಣ್ಣೆ ಒಳಗಿಳಿದರೆ ಇಂಗಾಲದ ಪರೀಕ್ಷೆ ಕೆಡುತ್ತದೆ. ಶುಚಿಯಾದ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಬಿದ್ದ ಜಾಗ, ಹೊತ್ತು, ಕೇಳಿದ ಸದ್ದು, ಬಂದ ದಿಕ್ಕು ಬರೆದಿಟ್ಟು, ತಹಶೀಲ್ದಾರರ ಮೂಲಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ತಿಳಿಸಿ. ದೇಶದ ಉಲ್ಕಾಶಿಲೆಗಳ ದೊಡ್ಡ ಸಂಗ್ರಹ ಕೋಲ್ಕತ್ತದಲ್ಲಿ ಅವರ ಬಳಿಯಿದೆ.

ಇನ್ನು ಧಾರವಾಡದ ಕಲ್ಲು. ತೂಕ 1.8 ಕಿಲೋ ಎಂದು ದಾಖಲಾಗಿದೆ. ಜಾಗತಿಕ ಪಟ್ಟಿಯಲ್ಲಿ ಅದರ ವರ್ಗ ಸಾಮಾನ್ಯ ಕಾಂಡ್ರೈಟ್ ಎಂಬಲ್ಲಿಗೇ ನಿಂತಿದೆ, ಮುಂದೆ ಬರಬೇಕಾದ ಅಂಕಿಯಿಲ್ಲ. ಅದು 6 ಇರಬಹುದು, 3 ಕೂಡ ಇರಬಹುದು. ಬೆಂದ ಕಲ್ಲುಗಳೇ ಹೆಚ್ಚಾದ್ದರಿಂದ 5 ಅಥವಾ 6 ಎಂದೇ ನನ್ನ ಎಣಿಕೆ, ಆದರೆ ಎಣಿಕೆಯಿಂದ ವರ್ಗ ತೀರ್ಮಾನವಾಗದು. ಉಗುರಿನಗಲದ ತೆಳುಪದರ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಆಲಿವಿನ್ ಖನಿಜದಲ್ಲಿ ಕಬ್ಬಿಣ ಎಲ್ಲ ಕಡೆ ಒಂದೇ ಸಮ ಇದೆಯೋ ಇಲ್ಲವೋ ಎಂದು ಅಳೆದರೆ ಉತ್ತರ ಸಿಗುತ್ತದೆ. ಒಂದೇ ಸಮ ಇದ್ದರೆ ಬೆಂದದ್ದು, ಏರುಪೇರಿದ್ದರೆ ಬೇಯದ್ದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗವಿದೆ. ಈ ನಾಲ್ಕು ತಾಲೂಕುಗಳ ವಿದ್ಯಾರ್ಥಿಯೊಬ್ಬರು ಅಲ್ಲಿ ಎಂ.ಎಸ್ಸಿ. ಓದುವಾಗ ಆ ಕಲ್ಲಿನ ಚೂರು ಎಲ್ಲಿದೆಯೆಂದು ಹುಡುಕಿ, ಅಳೆದು, ಇನ್ನೂ ಖಾಲಿ ಉಳಿದಿರುವ ಆ ಅಂಕಿಯನ್ನು ತುಂಬಲಿ ಎಂದು ಕೇಳಿಕೊಳ್ಳುತ್ತೇನೆ.