ಮಧುಮೇಹಿಗಳ ಹೃದಯರಕ್ಷಣೆ



ಮಧುಮೇಹವು ನೂತನ ವ್ಯಾಧಿಯಲ್ಲ. ಚರಕಸುಶ್ರುತಾದಿ ಪ್ರಾಚೀನ ವೈದ್ಯರೂ ಇದನ್ನು ಬಲ್ಲವರಾಗಿದ್ದರು. 1922ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಇನ್ಸುಲಿನ್ ಔಷಧವನ್ನು ರೋಗಿಗೆ ಮೊದಲು ಕೊಟ್ಟಂದಿನಿಂದ ಅಸಂಖ್ಯ ಜೀವಗಳು ಉಳಿದುವು. ಆದರೆ ಹಾಗೆ ಉಳಿದವರನ್ನು ಹೃದ್ರೋಗವೆಂಬ ಮತ್ತೊಂದು ಮೃತ್ಯುವು ಹೊಂಚುತ್ತಿರುವುದು ಕಾಲಕ್ರಮದಲ್ಲಿ ಗೋಚರವಾಯಿತು. ಅಮೆರಿಕೆಯ ಫ್ರೇಮಿಂಗ್‌ಹ್ಯಾಮ್ ಊರಿನ ಜನರನ್ನು 1948ರಿಂದ ಪರೀಕ್ಷಿಸುತ್ತ ಬಂದ ವೈದ್ಯರು, ಮಧುಮೇಹಿಗಳಿಗೆ ರಕ್ತನಾಳಗಳ ರೋಗಭಯವು ಇತರರಿಗಿಂತ ಎರಡು ಮೂರು ಪಟ್ಟು ಅಧಿಕವೆಂದು 1979ರಲ್ಲಿ ಪ್ರಕಟಿಸಿದರು.

ಇದಕ್ಕೆ ಕಾರಣವೇನು? ರಕ್ತದಲ್ಲಿ ಸಕ್ಕರೆಯು ಬಹುಕಾಲ ಮಿತಿಮೀರಿದರೆ ನಾಳಗಳ ಒಳಪೊರೆಯು ಕೆಡುತ್ತದೆ. ಅಲ್ಲಿ ಕೊಬ್ಬು ಸೇರಿ ದಾರಿಯು ಕಿರಿದಾಗುತ್ತದೆ. ಕಡೆಗೆ ರಕ್ತವು ಹೆಪ್ಪುಗಟ್ಟಿ ಹೃದಯಕ್ಕೆ ಹರಿವು ನಿಲ್ಲುತ್ತದೆ. ಇದಕ್ಕಿಂತಲೂ ಘೋರವಾದ ಸಂಗತಿಯೊಂದುಂಟು. ಮಧುಮೇಹದಿಂದ ನರಗಳು ಮಂಕಾದವರಿಗೆ ಎದೆನೋವೇ ತೋರದೆ ಹೋಗಬಹುದು. ಏದುಸಿರು, ತಣ್ಣನೆಯ ಬೆವರು, ವಾಕರಿಕೆ, ಅಕಾರಣವಾದ ಆಯಾಸ, ಇಷ್ಟೇ ಕಾಣಿಸಬಹುದು. ಇದನ್ನು ಪಿತ್ತವೆಂದೋ ವಾಯುವೆಂದೋ ತಿಳಿದು ಮಲಗಿಬಿಟ್ಟರೆ ಪ್ರಾಣಕ್ಕೇ ಸಂಚಕಾರ.

ಗೌರಿಬಿದನೂರು ಸೀಮೆಯ ಕುಡುಮಲಕುಂಟೆಯನ್ನು ನೋಡಿರಿ. ಅಲ್ಲಿ ಈಗ ಕೈಗಾರಿಕಾ ಪ್ರದೇಶವಿದೆ. ಹೊಲ ಗೆಯ್ದ ಹಿರಿಯರ ಮಕ್ಕಳು ಯಂತ್ರದ ಮುಂದೆ ನಿಂತೋ ಮೇಜಿನ ಮುಂದೆ ಕುಳಿತೋ ದುಡಿಯುವ ಕಾಲವಿದು. ಮೈದಣಿವು ತಗ್ಗಿದ ಮೇಲೆ ಉಣಿಸೂ ತಗ್ಗಬೇಡವೆ? ರಾಗಿಯು ಉತ್ತಮ ಧಾನ್ಯವೇ ಸರಿ. ಆದರೂ ಮುದ್ದೆಯು ಹೊಟ್ಟೆಯಲ್ಲಿ ಕರಗಿ ಸಕ್ಕರೆಯೇ ಆಗುವುದು. ಎರಡು ಮುದ್ದೆಯುಣ್ಣುವ ಮಧುಮೇಹಿಯು ಒಂದಕ್ಕೆ ನಿಂತು, ಸೊಪ್ಪು, ಕಾಳು, ತರಕಾರಿಗಳನ್ನು ಹೆಚ್ಚಿಸಿಕೊಳ್ಳುವುದು ಹಿತ. ಉಪ್ಪಿನಕಾಯಿ, ಹಪ್ಪಳ, ಕರಿದ ತಿಂಡಿಗಳು ಮಿತವಾಗಿರಲಿ. ಬೀಡಿ, ಸಿಗರೇಟು, ಹೊಗೆಸೊಪ್ಪುಗಳನ್ನಂತೂ ಸಂಪೂರ್ಣವಾಗಿ ವರ್ಜಿಸತಕ್ಕದ್ದು. ದಿನಕ್ಕೆ ಅರ್ಧ ಗಂಟೆಯ ಬಿರುಸಾದ ನಡಿಗೆಯು ಕಾಸಿಲ್ಲದ ಔಷಧ.

ಸಕ್ಕರೆಯೊಂದನ್ನೇ ಹಿಡಿದಿಟ್ಟರೆ ಸಾಲದೆಂಬುದೇ ಇಲ್ಲಿ ಮುಖ್ಯ. ಡೆನ್ಮಾರ್ಕ್ ದೇಶದಲ್ಲಿ 160 ಮಂದಿ ಮಧುಮೇಹಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ವಾಡಿಕೆಯ ಚಿಕಿತ್ಸೆಯನ್ನೂ ಮತ್ತೊಂದಕ್ಕೆ ಸಕ್ಕರೆ, ರಕ್ತದೊತ್ತಡ, ಕೊಬ್ಬು, ನಡೆನುಡಿ ಇವೆಲ್ಲವನ್ನೂ ಒಟ್ಟಿಗೆ ತಿದ್ದುವ ಚಿಕಿತ್ಸೆಯನ್ನೂ ಕೊಟ್ಟರು. ಸುಮಾರು ಎಂಟು ವರ್ಷಗಳ ತರುವಾಯ, 2003ರಲ್ಲಿ ಪ್ರಕಟವಾದ ಫಲವೇನೆಂದರೆ, ಎರಡನೆಯ ಪಂಗಡದಲ್ಲಿ ಹೃದಯನಾಳಗಳ ವಿಪತ್ತು ಸರಿಸುಮಾರು ಅರ್ಧಕ್ಕೆ ಇಳಿದಿತ್ತು. ಆದಕಾರಣ ಮಧುಮೇಹಿಗಳು ರಕ್ತದೊತ್ತಡ, ಕೊಬ್ಬು, ಮೂತ್ರ ಇವುಗಳ ಪರೀಕ್ಷೆಯನ್ನೂ ತಪ್ಪದೆ ಮಾಡಿಸಿಕೊಳ್ಳಬೇಕು. ಮೂವತ್ತು ದಾಟಿದವರಿಗೆ ಸಕ್ಕರೆ ಮತ್ತು ರಕ್ತದೊತ್ತಡಗಳ ತಪಾಸಣೆಯು ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿಯೇ ಉಂಟು. ಮೈ ಹಗುರವಾಯಿತೆಂದು ವೈದ್ಯರನ್ನು ಕೇಳದೆ ಮಾತ್ರೆಯನ್ನು ಬಿಡುವುದು ಅವಿವೇಕ.

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯು ಚಿತ್ರದುರ್ಗದ ಬೃಹನ್ಮಠದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳವರ ಪುಣ್ಯನಾಮವನ್ನು ಧರಿಸಿದೆ. ಮಠದ ಶಿಷ್ಯವರ್ಗಕ್ಕೆ ಇದು ಹೆಮ್ಮೆಯ ವಿಷಯ. ಆದರೆ ಕುಡುಮಲಕುಂಟೆಯಿಂದ ಆ ಬಾಗಿಲು ದೂರ. ಹೃದಯಾಘಾತದಲ್ಲಿ ಕಳೆದ ಒಂದೊಂದು ಗಳಿಗೆಯೂ ಹೃದಯದ ಮಾಂಸವನ್ನು ಕೊಲ್ಲುತ್ತದೆ. ಸಂಶಯ ಬಂದೊಡನೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಧಾವಿಸಬೇಕು. ಅಂತಹ ರಾತ್ರಿಯೇ ಬಾರದಂತೆ ನೋಡಿಕೊಳ್ಳುವ ಚಿಕಿತ್ಸೆಯಾದರೋ ದೂರದಲ್ಲಿಲ್ಲ; ಅದು ಪ್ರತಿಯೊಬ್ಬರ ತಟ್ಟೆಯಲ್ಲಿಯೂ ಕಾಲುಗಳಲ್ಲಿಯೂ ಇದೆ. ಮೈಬಗ್ಗಿಸಿ ದುಡಿಯುವ ಕಾಯಕಕ್ಕೂ, ದಾಸೋಹದ ಪಂಕ್ತಿಯಲ್ಲಿ ಮಿತವರಿತು ಉಣ್ಣುವ ಪ್ರಸಾದಕ್ಕೂ ದೇಹವೇ ಆಧಾರ. ಆ ದೇಹವನ್ನು ಎಚ್ಚರದಿಂದ ಕಾಪಾಡಿಕೊಳ್ಳುವುದು ಭಕ್ತನ ಕರ್ತವ್ಯ.