ಹಳೆಯ ಲೆಕ್ಕಕ್ಕೆ ಬೀಗ
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತುಗಳು)



ಲೆಡ್ಜರಿನಲ್ಲಿ ತಪ್ಪಾದರೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕುತ್ತಿದ್ದೆವು. ಹಳೇ ಅಂಕಿ ಕಾಣುತ್ತಲೇ ಇರುತ್ತಿತ್ತು. ಕಂಪ್ಯೂಟರಿನಲ್ಲಿ ಹಾಗಲ್ಲ ನೋಡಿ. ಹಿಂದೆ ಬೇರೊಂದು ಕಡೆ ಕೆಲಸದಲ್ಲಿದ್ದಾಗ, ಎಲ್ಲರೂ ಬಳಸುವ ಫೋಲ್ಡರಿನಲ್ಲಿ ಹೋದ ವರ್ಷದ ಸಾಲದ ಪಟ್ಟಿಯ ಮೇಲೇ ಹೊಸದನ್ನು ಬರೆದು ಸೇವ್ ಮಾಡಿಬಿಟ್ಟೆ. ಸಾಲ ತೀರಿಸಿದ ರೈತರೊಬ್ಬರು ಬಂದು, "ರಸೀದಿ ನನ್ನತ್ರ ಐತೆ, ನಿಮ್ಮತ್ರ ಏನೈತೆ ಸ್ವಾಮಿ?" ಅಂದರು. ನಾನು ತಲೆ ತಗ್ಗಿಸಿದೆ.

ವಿಂಡೋಸಿನಲ್ಲೇ ಇದಕ್ಕೆ ದಾರಿಯಿದೆ. ಫೋಲ್ಡರಿನ ಸೆಕ್ಯುರಿಟಿಯಲ್ಲಿ ಸಿಬ್ಬಂದಿಗೆ ಎಲ್ಲ ಕಡತಗಳನ್ನೂ ಓದುವ ಅನುಮತಿ ಇರಲಿ. 'ಕ್ರಿಯೇಟ್ ಫೈಲ್ಸ್ / ರೈಟ್ ಡೇಟಾ' ಎಂಬುದನ್ನು ಮಾತ್ರ 'ದಿಸ್ ಫೋಲ್ಡರ್ ಓನ್ಲಿ' ಎಂದೇ ಕೊಡಬೇಕು. ಎಲ್ಲರೂ ಎಡವೋದು ಇಲ್ಲೇ. ಅದೇ ಅನುಮತಿ ಫೋಲ್ಡರಿಗಿದ್ದರೆ ಹೊಸ ಕಡತ ಸೇರಿಸಬಹುದು. ಕಡತಕ್ಕೂ ಇಳಿದರೆ ಹಳೆಯದನ್ನೇ ತಿದ್ದಬಹುದು! ಮೊದಲಿನಿಂದ ಇರುವ ಮಾಡಿಫೈ, ಕ್ರಿಯೇಟರ್ ಓನರ್ ತೆಗೆಯಬೇಕು. ಡಿಲೀಟ್ ಕೊಡಲೇಬಾರದು. ಶೇರಿಂಗಿನಲ್ಲಿ 'ಚೇಂಜ್' ಸಾಕು. 'ಫುಲ್ ಕಂಟ್ರೋಲ್' ಕೊಟ್ಟರೆ ಕಡತ ಹಾಕಿದವರೇ ಅನುಮತಿ ಬದಲಿಸಿಕೊಂಡಾರು.

ತೊಂದರೆ ಇಲ್ಲದಿಲ್ಲ. ಪಟ್ಟಿಯನ್ನು ಬೇರೆ ಕಡೆ ಪೂರ್ತಿ ಸಿದ್ಧಮಾಡಿ ಕಾಪಿ ಮಾಡಬೇಕು. ಒಳಗೆ ಹೋದ ಮೇಲೆ ಹೆಸರೂ ಬದಲಾಗದು. ತಪ್ಪಿದ್ದರೆ ತಿದ್ದುಪಡಿ ಪಟ್ಟಿಯನ್ನು ಬೇರೆ ಹೆಸರಿನಲ್ಲಿ ಹಾಕಬೇಕು. ಹುಡುಗರು ಗೊಣಗುತ್ತಾರೆ, ಗೊಣಗಲಿ ಬಿಡಿ. ನಮ್ಮ ಕಚೇರಿಯಲ್ಲಿ ಈಗ ಹೀಗೇ ಮಾಡಿದ್ದೇವೆ. ನಿಮ್ಮ ರಸೀದಿ ತನ್ನಿ, ತಾಳೆ ನೋಡೋಣ.